ಊದಿದ ಕಾಲೂ ಒಂದು ತಂಬಿಗೆ ನೀರೂ



2016ರ ಜನವರಿಯಲ್ಲಿ ರೋಮಿನಿಂದ ಒಂದು ಆಜ್ಞಾಪತ್ರ ಹೊರಟಿತು. ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಇನ್ನು ಮುಂದೆ ಸ್ತ್ರೀಯರನ್ನೂ ಆರಿಸಿಕೊಳ್ಳಬಹುದೆಂದು ಅದು ತಿಳಿಸಿತು. ಆಗ ನಾನು ಕಲಬುರಗಿ ಸೀಮೆಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ಹನ್ನೆರಡು ಜನರ ಪಟ್ಟಿ ಬರೆಯುವಾಗ ನನಗೆ ಮೊದಲು ನೆನಪಾದವರು ಪ್ರತಿ ಶನಿವಾರ ದೇವಾಲಯದ ಕಸ ಗುಡಿಸುತ್ತಿದ್ದ ಒಬ್ಬ ತಾಯಿ. ತೊಗರಿ ಸುಗ್ಗಿಯಲ್ಲಿ ಕೂಲಿಗೆ ಹೋಗಿ ಮೂರು ಮಕ್ಕಳನ್ನು ಬೆಳೆಸಿದ ವಿಧವೆ. ಕರೆದು ಹೇಳಿದೆ. ಅವರು ತಲೆ ತಗ್ಗಿಸಿ, "ಬ್ಯಾಡ್ರಿ ಫಾದರ್, ಈ ಕಾಲು ಮಂದಿ ಮುಂದ ಹ್ಯಾಂಗ ಇಡ್ಲಿರಿ?" ಎಂದರು.

ಅವರ ಬಲಗಾಲು ಆನೆಕಾಲು. ನೆಲ ಗುಡಿಸುವಷ್ಟು ಇಳಿಬಿಟ್ಟು ಸೀರೆ ಉಡುತ್ತಿದ್ದುದು, ಪೂಜೆಯಲ್ಲಿ ಯಾವಾಗಲೂ ಹಿಂದಿನ ಬಾಗಿಲ ಬಳಿಯೇ ಕೂರುತ್ತಿದ್ದುದು ಏಕೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷ ಮೊದಲು ಮನೆ ಆಶೀರ್ವಾದಕ್ಕೆ ಹೋದಾಗ ಅವರು ಆ ಕಾಲನ್ನು ನನಗೆ ತೋರಿಸಿದ್ದರು. ಎರಡು ತಿಂಗಳಿಗೊಮ್ಮೆ ಚಳಿಜ್ವರ ಬರುತ್ತದೆ, ಕಾಲು ಕೆಂಡದಂತೆ ಸುಡುತ್ತದೆ, ನಾಲ್ಕೈದು ದಿನ ಕೂಲಿ ತಪ್ಪುತ್ತದೆ ಎಂದು ಹೇಳಿಕೊಂಡಿದ್ದರು. ನಾನು ಏನು ಹೇಳಿದೆ ಗೊತ್ತೇ? "ಇದನ್ನು ನಿಮ್ಮ ಶಿಲುಬೆ ಎಂದು ಹೊತ್ತುಕೊಳ್ಳಿ ಅಮ್ಮಾ" ಎಂದೆ. ಪ್ರಾರ್ಥಿಸಿ ತೀರ್ಥ ಚಿಮುಕಿಸಿ ಮುಂದಿನ ಮನೆಗೆ ಹೋದೆ.

ಆ ಮಾತು ತಪ್ಪಾಗಿತ್ತು ಎಂಬುದನ್ನು ನನಗೆ ತಿಳಿಸಿಕೊಟ್ಟವರು ದೇವಶಾಸ್ತ್ರದ ಪ್ರಾಧ್ಯಾಪಕರಲ್ಲ; ನಮ್ಮ ಪಕ್ಕದ ಕಾನ್ವೆಂಟಿನ ದವಾಖಾನೆ ನೋಡಿಕೊಳ್ಳುತ್ತಿದ್ದ ನರ್ಸ್ ಸಿಸ್ಟರ್. "ಫಾದರ್, ಆ ಅಮ್ಮನಿಗೆ ಶಿಲುಬೆಯ ಉಪದೇಶ ನಾಳೆ ಕೊಡಿ. ಇವತ್ತು ಸೋಪು ಕೊಡಿ" ಎಂದರು. ಈ ಲೇಖನ ಆ ಸೋಪಿನ ಕುರಿತು.

ಊತ ಎಲ್ಲಿಂದ ಬರುತ್ತದೆ?

ಹೃದಯವು ರಕ್ತವನ್ನು ಮೈಯೆಲ್ಲಾ ಅಟ್ಟುತ್ತದೆ, ರಕ್ತನಾಳಗಳು ಅದನ್ನು ಹಿಂದಕ್ಕೆ ತರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಅತಿ ಸಣ್ಣ ರಕ್ತನಾಳಗಳಿಂದ ಸ್ವಲ್ಪ ದ್ರವ ಸದಾ ಹೊರಗೆ ಜಿನುಗುತ್ತಿರುತ್ತದೆ. ಜೀವಕೋಶಗಳ ಸಂದುಗಳಲ್ಲಿ ನಿಂತ ಈ ದ್ರವವನ್ನೂ ಅದರಲ್ಲಿರುವ ಪ್ರೋಟೀನನ್ನೂ ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುವ ಇನ್ನೊಂದು ನಾಳವ್ಯೂಹವಿದೆ. ಅದೇ ದುಗ್ಧರಸ ನಾಳಗಳು. ವೈದ್ಯರ ಮಾತಿನಲ್ಲಿ ಲಿಂಫ್ ನಾಳಗಳು. ದಿನಕ್ಕೆ ಸುಮಾರು 2ರಿಂದ 4 ಲೀಟರ್ ದ್ರವ ಈ ದಾರಿಯಲ್ಲಿ ಹಿಂದಿರುಗುತ್ತದೆ. ತೊಡೆಸಂದು, ಕಂಕುಳು, ಕುತ್ತಿಗೆಗಳಲ್ಲಿ ಕೈಗೆ ಸಿಗುವ ಗಂಟುಗಳು ಈ ದಾರಿಯ ತಪಾಸಣಾ ಠಾಣೆಗಳು. ಬಂದ ರೋಗಾಣುಗಳನ್ನು ಅವು ತಡೆಯುತ್ತವೆ.

1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯ, ಆಗತಾನೇ ಹೊಟ್ಟೆತುಂಬ ತಿಂದಿದ್ದ ನಾಯಿಯ ಕರುಳಿನ ಸುತ್ತ ಹಾಲಿನಂತೆ ಬಿಳಿಯ ಎಳೆಗಳನ್ನು ಕಂಡ. ಮೂವತ್ತು ವರ್ಷಗಳ ಬಳಿಕ ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಈ ನಾಳಗಳಿಗೆ ಲಿಂಫ್ ನಾಳಗಳೆಂಬ ಹೆಸರು ಕೊಟ್ಟ. ಆ ಬಾರ್ತೊಲಿನನ ಶಿಷ್ಯನೇ ನೀಲ್ಸ್ ಸ್ಟೆನ್ಸನ್: ಅಂಗರಚನಾಶಾಸ್ತ್ರದಲ್ಲಿ ಹೆಸರು ಗಳಿಸಿ, ಮುಂದೆ ಕಥೋಲಿಕನಾಗಿ, ಗುರುವಾಗಿ, ಬಿಷಪರೂ ಆದವನು. 1988ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಧನ್ಯರೆಂದು ಸಾರಿದರು. ವಿಷಯ ಬಿಟ್ಟು ಸ್ವಲ್ಪ ಆಚೆ ಬಂದೆ. ಆದರೆ ದೇಹವನ್ನು ಕೊಯ್ದು ನೋಡಿದ ಕಣ್ಣು ದೇವರನ್ನು ಕಾಣಲಾರದೆಂದು ನಂಬುವವರಿಗೆ ಈ ಹೆಸರು ಗೊತ್ತಿರಲಿ.

ದುಗ್ಧರಸದ ವಿಶೇಷವೇನೆಂದರೆ ಅದಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳಗಳ ಗೋಡೆ ಮೆಲ್ಲಗೆ ಸಂಕುಚಿಸುವುದು, ನಡೆಯುವಾಗ ಮೀನಖಂಡದ ಸ್ನಾಯು ಹಿಂಡುವುದು, ಆಳವಾಗಿ ಉಸಿರೆಳೆದಾಗ ಎದೆ ಸೆಳೆಯುವುದು, ಇವಿಷ್ಟೇ ಅದನ್ನು ಮೇಲಕ್ಕೇರಿಸುವ ಬಲ. ಆ ದಾರಿ ಎಲ್ಲಿಯೋ ಕಟ್ಟಿಕೊಂಡರೆ ಅಥವಾ ಕೆಟ್ಟುಹೋದರೆ ದ್ರವ ಕೆಳಗೇ ನಿಲ್ಲುತ್ತದೆ. ಮೊದಮೊದಲು ರಾತ್ರಿ ಮಲಗಿದರೆ ಊತ ಇಳಿಯುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ. ವರ್ಷಗಳು ಕಳೆದಂತೆ ನಿಂತ ಪ್ರೋಟೀನಿನಿಂದ ಒಳಗೆ ನಾರು ಬೆಳೆದು ಚರ್ಮ ಗಡುಸಾಗುತ್ತದೆ, ಮಡಿಕೆ ಬೀಳುತ್ತದೆ, ಗಂಟುಗಳೇಳುತ್ತವೆ. ಇದನ್ನು ಲಿಂಫೆಡಿಮಾ ಎನ್ನುತ್ತಾರೆ.

ಕೆಲವರಿಗೆ ಇದು ಹುಟ್ಟಿನಿಂದಲೇ ಇರುವ ದೋಷ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ಅಥವಾ ತೊಡೆಸಂದಿನ ಗಂಟುಗಳನ್ನು ತೆಗೆದಾಗ, ವಿಕಿರಣ ಕೊಟ್ಟಾಗ ಬರುವುದುಂಟು. ನಮ್ಮ ನಾಡಿನಲ್ಲಿ ಬಹುಕಾಲದಿಂದ ಇದನ್ನು ತಂದಿರುವುದು ಫೈಲೇರಿಯಾ ಹುಳು. ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತದೆ. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಕಡೆ, ಇತ್ತ ಕರಾವಳಿಯ ಮೂರು ಜಿಲ್ಲೆಗಳಲ್ಲಿ ಈ ರೋಗದ ಬೇರು ಹಳೆಯದು.

ಶಾಪವೆಂಬ ಕಥೆ

ಇಲ್ಲಿ ನಾವು ಕ್ರೈಸ್ತರು ಒಪ್ಪಿಕೊಳ್ಳಬೇಕಾದ ಒಂದು ಹಳೆಯ ತಪ್ಪಿದೆ. ಗೋವೆಯ ಆರ್ಚ್‌ಬಿಷಪರ ಕಾರ್ಯದರ್ಶಿಯಾಗಿ 1583ರಿಂದ ಕೆಲವು ವರ್ಷ ಇಲ್ಲಿದ್ದ ಲಿನ್‌ಸ್ಖೋಟನ್ ಎಂಬ ಡಚ್ಚನು ಊರಿಗೆ ಮರಳಿ 1596ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಅಚ್ಚು ಹಾಕಿಸಿದ. ಮೊಣಕಾಲಿನ ಕೆಳಗೆ ಒಂದು ಕಾಲು ಆನೆಯ ಕಾಲಿನಷ್ಟು ದಪ್ಪವಿರುವ ಜನರ ಪ್ರಸ್ತಾಪ ಅದರಲ್ಲಿದೆ. ಸಂತ ತೋಮರನ್ನು ಕೊಂದವರ ವಂಶಕ್ಕೆ ತಗಲಿದ ಶಾಪ ಅದು ಎಂದು ಆಗ ಹೇಳುತ್ತಿದ್ದರಂತೆ; ಅವನೂ ಹಾಗೆಯೇ ಬರೆದಿಟ್ಟ. ಪ್ರೇಷಿತರ ಹೆಸರಿನಲ್ಲಿ, ಸೊಳ್ಳೆ ಕಚ್ಚಿದ ಬಡವನ ಮೇಲೆ ಕೊಲೆಗಡುಕನ ವಂಶದವನೆಂಬ ಪಟ್ಟ! ಹುಟ್ಟುಕುರುಡನನ್ನು ಕಂಡು ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ ಪ್ರಭು ಎರಡನ್ನೂ ಅಲ್ಲಗಳೆದದ್ದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದಿಯೂ ನಮ್ಮವರು ಈ ಕಥೆ ಹೇಳಿದರು.

1872ರಲ್ಲಿ ಕಲಕತ್ತೆಯಲ್ಲಿ ತಿಮೊಥಿ ಲೂಯಿಸ್ ಮನುಷ್ಯನ ರಕ್ತದಲ್ಲೇ ಈ ಹುಳುವಿನ ಮರಿಗಳನ್ನು ಕಂಡ. 1877ರಲ್ಲಿ ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯೊಳಗೆ ಬೆಳೆಯುವುದನ್ನು ತೋರಿಸಿದ. ಶಾಪದ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೂ ಮದುವೆಯ ಮಾತುಕತೆಯಲ್ಲಿ "ಆ ಮನೆಯಲ್ಲಿ ಆನೆಕಾಲು ಇದೆಯಂತೆ" ಎಂಬ ಪಿಸುಮಾತು ಇಂದಿಗೂ ಕೇಳಿಬರುತ್ತದೆ. ಊದಿದ ಕಾಲನ್ನು ಮುಟ್ಟಿದರೆ ಈ ರೋಗ ಅಂಟುವುದಿಲ್ಲ. ಮನೆಯವರು ಧೈರ್ಯವಾಗಿ ಮುಟ್ಟಬೇಕು. ಮುಟ್ಟದೆ ಚಿಕಿತ್ಸೆಯೇ ಇಲ್ಲ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಕಲಿಸಿದ ಗುರುಗಳು ನಿಸರ್ಗದ ಕೆಡುಕು ಬೇರೆ, ನೈತಿಕ ಕೆಡುಕು ಬೇರೆ ಎಂದು ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಮಾಡಬಹುದಾದ ಉಪಚಾರ ಕಣ್ಣೆದುರೇ ಇರುವಾಗ ಅದನ್ನು ಹೇಳದೆ ತಾಳ್ಮೆಯನ್ನು ಬೋಧಿಸಿದರೆ ಮೊದಲನೆಯ ಕೆಡುಕಿಗೆ ಎರಡನೆಯದೂ ಸೇರಿಕೊಳ್ಳುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಮೈ ನೀರು ತುಂಬಿಕೊಂಡಿದ್ದ ಒಬ್ಬ ಮನುಷ್ಯ ಊಟದ ಮನೆಯಲ್ಲಿ ಪ್ರಭುವಿನ ಎದುರು ನಿಲ್ಲುತ್ತಾನೆ. ಅವನದು ಇದೇ ರೋಗವೆಂದು ನಾನು ಹೇಳುತ್ತಿಲ್ಲ. ಆದರೆ ಸಬ್ಬತ್ ದಿನ ಮುಗಿಯುವವರೆಗೆ ತಾಳಿಕೋ ಎಂದು ಪ್ರಭು ಅವನಿಗೆ ಹೇಳಲಿಲ್ಲವಷ್ಟೆ.

ತೊಳೆಯುವುದೇ ಮೊದಲ ಮದ್ದು

ಬ್ರೆಜಿಲ್ ದೇಶದ ರೆಸಿಫೆ ನಗರದ ವೈದ್ಯೆ ಗೆರೂಸಾ ಡ್ರೈಯರ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಒಂದು ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದರು. ಆನೆಕಾಲಿನವರಿಗೆ ಮರುಮರಳಿ ಬರುವ ಚಳಿಜ್ವರಕ್ಕೆ ಬಹುತೇಕ ಹುಳು ಕಾರಣವಲ್ಲ. ಚರ್ಮದ ಬಿರುಕಿನಿಂದ ಒಳನುಗ್ಗುವ ಬ್ಯಾಕ್ಟೀರಿಯಾ ಕಾರಣ. ಪ್ರತಿ ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ, ಕಾಲು ಇನ್ನಷ್ಟು ಊದುತ್ತದೆ, ಊದಿದ ಚರ್ಮ ಇನ್ನಷ್ಟು ಬಿರಿಯುತ್ತದೆ. ಈ ಸುತ್ತನ್ನು ಕಡಿಯಬೇಕಾದರೆ ಬಿರುಕನ್ನು ಮುಚ್ಚಬೇಕು. ಅವರು ರೋಗಿಗಳನ್ನು ಸೇರಿಸಿ ಆಶಾ ಕ್ಲಬ್ ಎಂಬ ಕೂಟಗಳನ್ನು ಕಟ್ಟಿ, ಕಾಲು ತೊಳೆಯುವುದನ್ನು ಒಬ್ಬರಿಗೊಬ್ಬರು ಕಲಿಸುವಂತೆ ಮಾಡಿದರು.

ನಮ್ಮ ಸಿಸ್ಟರ್ ಆ ತಾಯಿಗೆ ಕಲಿಸಿದ್ದೂ ಇದನ್ನೇ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆ. ಉಗುರುಬೆಚ್ಚಗಿನ ಅಥವಾ ತಣ್ಣನೆಯ ಶುದ್ಧ ನೀರು, ಬಿಸಿನೀರು ಬೇಡ. ಘಾಟಿಲ್ಲದ ಸಾದಾ ಸೋಪು. ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಕೈಯಿಂದ ಉಜ್ಜುವುದು. ಬ್ರಷ್ಷು, ಕಲ್ಲು, ತೆಂಗಿನ ನಾರು ಕೂಡದು. ಚರ್ಮದ ಮಡಿಕೆಗಳನ್ನು ಬಿಡಿಸಿ ಒಳಗೂ ತೊಳೆಯಬೇಕು. ಬೆರಳ ಸಂದುಗಳಲ್ಲಿ ಬೆರಳು ಹಾಕಿ ತೊಳೆಯಬೇಕು, ಏಕೆಂದರೆ ಶತ್ರು ಮನೆಹೊಕ್ಕುವ ಬಾಗಿಲು ಅದೇ. ಸೋಪಿನ ಅಂಶ ಪೂರ್ತಿ ಹೋಗುವವರೆಗೆ ನೀರು ಹಾಕಬೇಕು. ಆಮೇಲಿನದು ತೊಳೆಯುವುದಕ್ಕಿಂತ ದೊಡ್ಡ ಕೆಲಸ: ಒರೆಸುವುದು. ಮೆತ್ತನೆಯ ಹಳೆಯ ಹತ್ತಿಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ, ಪ್ರತಿ ಬೆರಳ ಸಂದನ್ನೂ ಬಟ್ಟೆಯ ತುದಿಯಿಂದ ಒಣಗಿಸಬೇಕು. ಒದ್ದೆ ಉಳಿದ ಕಡೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಕಡೆ ಚರ್ಮ ಬಿರಿಯುತ್ತದೆ. ಅಲ್ಲಿ ಬಿಳುಪಾಗಿ ಸುಲಿದಿದ್ದರೆ ವೈದ್ಯರು ಹೇಳಿದ ಮುಲಾಮು ಹಚ್ಚಬೇಕು. ಉಳಿದ ಚರ್ಮ ಒಣಗಿ ಒಡೆಯದಂತೆ ತೆಳ್ಳಗೆ ಕೊಬ್ಬರಿ ಎಣ್ಣೆಯಾದರೂ ಸಾಕು. ಬರಿಗಾಲಲ್ಲಿ ಹೊಲಕ್ಕೆ ಹೋಗಕೂಡದು. ಕಾಲಿಗೆ ಬಿಗಿಯಾಗದ ಚಪ್ಪಲಿ ಇರಬೇಕು.

"ದಿನಾ ಇಷ್ಟ ಮಾಡಬೇಕೇನ್ರಿ ಸಿಸ್ಟರ್?" ಎಂದು ಆ ತಾಯಿ ಕೇಳಿದರು. "ದಿನಾ ಜಪಸರ ಮಾಡ್ತೀರಲ್ಲ" ಎಂದರು ಸಿಸ್ಟರ್.

ಕೂತಾಗ ಕಾಲನ್ನು ಇಳಿಬಿಡದೆ ಸ್ಟೂಲಿನ ಮೇಲೆ ಇಡುವುದು, ಮಂಚವಿದ್ದರೆ ಪಾದದ ಕಡೆ ಅದರ ಕಾಲುಗಳಿಗೆ ಇಟ್ಟಿಗೆ ಕೊಡುವುದು, ನೆಲದಲ್ಲಿ ಮಲಗುವವರು ಚಾಪೆಯ ಅಡಿಗೆ ಮಡಿಸಿದ ಕೌದಿ ಇಡುವುದು, ಇದೂ ಚಿಕಿತ್ಸೆಯೇ. ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಮಾಡಬೇಕು. ಇದರೊಂದಿಗೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗಿರಕಿ ತಿರುಗಿಸುವುದು, ದೀರ್ಘವಾಗಿ ಉಸಿರಾಡುವುದು. ಪಂಪ್ ಇಲ್ಲದ ನಾಳಕ್ಕೆ ನಾವೇ ಪಂಪ್ ಆಗಬೇಕು.

ಕಟ್ಟುವ ಕೈ

ತೊಳೆದರೆ ಜ್ವರ ನಿಲ್ಲುತ್ತದೆ. ಊತವೂ ಇಳಿಯಬೇಕಾದರೆ ಒತ್ತಡ ಬೇಕು. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್, ಚರ್ಮವನ್ನು ಬಹು ಹಗುರವಾಗಿ ನೇವರಿಸಿ ದುಗ್ಧರಸವನ್ನು ಸರಿಸುವ ಒಂದು ಕ್ರಮವನ್ನು ರೂಪಿಸಿದರು. ಮುಂದೆ ಜರ್ಮನಿಯಲ್ಲಿ ಮಿಖಾಯೆಲ್ ಫೊಲ್ಡಿ ಎಂಬ ವೈದ್ಯರು ಆ ನೇವರಿಕೆಗೆ ಚರ್ಮದ ಆರೈಕೆ, ಪದರ ಪದರವಾದ ಬ್ಯಾಂಡೇಜು, ವ್ಯಾಯಾಮ ಎಲ್ಲವನ್ನೂ ಜೋಡಿಸಿದರು. ಇಂದು ಲೋಕದ ಬಹುಪಾಲು ಕಡೆ ನಡೆಯುವ ಚಿಕಿತ್ಸೆ ಇದರದೇ ರೂಪ. ಮೊದಲ ಕೆಲವು ವಾರ ದಿನವೂ ಕಟ್ಟಿ ಊತವನ್ನು ಇಳಿಸುವುದು, ಇಳಿದ ಮೇಲೆ ಅಳತೆ ಕೊಟ್ಟು ತಂದ ಬಿಗಿ ಕಾಲುಚೀಲವನ್ನು ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನವೇ ಹಾಕಿಕೊಂಡು ಇಳಿದದ್ದನ್ನು ಉಳಿಸಿಕೊಳ್ಳುವುದು.

ಅಂಗಡಿಯಲ್ಲಿ ಸಿಗುವ, ತುಂಬಾ ಜಗ್ಗುವ ಕ್ರೇಪ್ ಬ್ಯಾಂಡೇಜು ಇದಕ್ಕೆ ಸಾಲದು. ಕಡಿಮೆ ಜಗ್ಗುವ ಬೇರೊಂದು ಬಗೆಯದು ಬೇಕು. ನಡೆಯುವಾಗ ಸ್ನಾಯು ಉಬ್ಬಿ ಅದರ ಗಟ್ಟಿ ಗೋಡೆಗೆ ಒತ್ತಿದಾಗಲೇ ದ್ರವ ಮೇಲೇರುವುದು. ಬೆರಳಿನ ಬುಡದಿಂದ ಸುರುಮಾಡಿ ಕೆಳಗೆ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. ತಲೆಕೆಳಗಾದರೆ ಅಪಾಯ. ಕಾಲಿನ ಶುದ್ಧ ರಕ್ತನಾಳ ಕಟ್ಟಿಕೊಂಡವರಿಗೆ, ಹೃದಯ ಸೋತವರಿಗೆ ಕಟ್ಟಲೇಬಾರದು. ಆದ್ದರಿಂದ ಮೊದಲು ಕಲಿತವರ ಬಳಿ ತೋರಿಸಿ, ನೋಡಿ ಕಲಿತು, ಆಮೇಲೆ ಮನೆಯಲ್ಲಿ ಕಟ್ಟಬೇಕು.

ಕುಟುಂಬದ ಪುಟದಲ್ಲಿ ಇದನ್ನು ಬರೆಯಲು ಇದೂ ಒಂದು ಕಾರಣ. ದಪ್ಪಗಾದ ತನ್ನ ಪಾದವನ್ನು ತಾನೇ ಬಗ್ಗಿ ಕಟ್ಟಿಕೊಳ್ಳುವುದು ಅರವತ್ತು ದಾಟಿದವರಿಗೆ ಸುಲಭವಲ್ಲ. ಮಗನೋ ಸೊಸೆಯೋ ಮೊಮ್ಮಗಳೋ ಮೊಣಕಾಲೂರಿ ಕೂರಬೇಕು. ಆ ತಾಯಿಯ ಮನೆಯಲ್ಲಿ ಕಲಿತದ್ದು ಎಂಟನೇ ತರಗತಿ ಓದುತ್ತಿದ್ದ ಮೊಮ್ಮಗ. ಹುಡುಗನ ಕೈ ಅಚ್ಚುಕಟ್ಟು. ಸಿಸ್ಟರ್ ಕಟ್ಟಿದ್ದಕ್ಕಿಂತ ಅವನದೇ ಚೆನ್ನಾಗಿ ನಿಲ್ಲುತ್ತಿತ್ತು.

ನಮ್ಮ ಸೀಮೆಗೆ ಸಮೀಪದ ಇನ್ನೊಂದು ಪ್ರಯತ್ನವನ್ನೂ ಹೇಳಬೇಕು. ಕನ್ನಡಿಗರೂ ಇರುವ ಕಾಸರಗೋಡಿನಲ್ಲಿ 1999ರಲ್ಲಿ ಡಾ. ಎಸ್. ಆರ್. ನರಹರಿಯವರು ಆರಂಭಿಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಜೋಡಿಸಿದೆ. ಸೋಪಿನಿಂದ ತೊಳೆದು, ಮೂಲಿಕೆಗಳ ಕಷಾಯದಲ್ಲಿ ಕಾಲನ್ನು ನೆನೆಸಿ, ಉಸಿರಾಟದ ಜೊತೆಗೆ ಆಸನಗಳನ್ನು ಮಾಡಿಸಿ, ಎಣ್ಣೆಯಿಂದ ಮೃದುವಾಗಿ ಮೇಲ್ಮುಖವಾಗಿ ತಿಕ್ಕಿ, ಬ್ಯಾಂಡೇಜು ಕಟ್ಟುತ್ತಾರೆ. ಆಕ್ಸ್‌ಫರ್ಡಿನ ಚರ್ಮವೈದ್ಯ ಟೆರೆನ್ಸ್ ರಯಾನ್ ಅವರ ಸಹಕಾರವೂ ಅವರಿಗೆ ಸಿಕ್ಕಿತು. ಈ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಸಿ ನೋಡಿದ ವರದಿ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಊತವೂ ಜ್ವರವೂ ತಗ್ಗಿದ್ದವು. ಆಯುರ್ವೇದದ ಹೆಸರು ಹೇಳಿ ಬೀದಿಯಲ್ಲಿ ಮಾರುವ ಪುಡಿಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕೈ ಊದಿದವರು

ಸ್ತನ ಕ್ಯಾನ್ಸರಿನಿಂದ ಗುಣವಾಗಿ ಬಂದ ಸಹೋದರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅನೇಕರಿದ್ದಾರೆ. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಕಡೆಯ ರವಿಕೆಯ ತೋಳು ಬಿಗಿಯಾಗುವುದು, ಬಳೆ ಏರದಿರುವುದು, ಕೈ ಭಾರವೆನಿಸುವುದು ಮೊದಲ ಸೂಚನೆ. ಸಂಕೋಚಪಟ್ಟು ದಿನ ದೂಡದೆ ಆಗಲೇ ತೋರಿಸಿದರೆ ಇಳಿಸುವುದು ಸುಲಭ. ಹಿಂದೆ ಆ ಕೈಯಲ್ಲಿ ಒಂದು ಕೊಡ ನೀರನ್ನೂ ಎತ್ತಬೇಡಿ ಎನ್ನುತ್ತಿದ್ದರು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಭಾರ ಎತ್ತಿದವರಿಗೆ ಊತ ಹೆಚ್ಚಲಿಲ್ಲ. ತೊಂದರೆ ಉಲ್ಬಣಿಸುವುದೂ ಲಕ್ಷಣಗಳ ಕಾಟವೂ ಕಡಿಮೆಯಾಯಿತು. ಆದ್ದರಿಂದ ಕೈಯನ್ನು ಜೋಳಿಗೆಯಲ್ಲಿಟ್ಟು ಕೂರಬೇಡಿ. ಅಡುಗೆಮನೆಯಲ್ಲಿ ಸುಟ್ಟುಕೊಳ್ಳದಂತೆ, ಕೊಯ್ದುಕೊಳ್ಳದಂತೆ ಎಚ್ಚರವಿರಲಿ.

ಕೆಲವು ತಪ್ಪು ದಾರಿಗಳನ್ನೂ ತಿಳಿದಿರಬೇಕು. ನೀರು ಇಳಿಸುವ ಮಾತ್ರೆ ಈ ಊತಕ್ಕೆ ಮದ್ದಲ್ಲ. ಅದು ನೀರನ್ನು ಸೆಳೆದರೂ ಪ್ರೋಟೀನು ಅಲ್ಲಿಯೇ ಉಳಿದು ಮತ್ತೆ ನೀರನ್ನು ಕರೆಯುತ್ತದೆ. ಕಾಲಿಗೆ ಗೀರು ಹಾಕಿಸುವುದು, ಬರೆ ಹಾಕಿಸುವುದು ಬ್ಯಾಕ್ಟೀರಿಯಾಗಳಿಗೆ ಹೊಸ ಬಾಗಿಲು ತೆರೆದಂತೆ. ಸರ್ಕಾರದವರು ಮನೆಬಾಗಿಲಿಗೆ ತಂದು ಕೊಡುವ ಫೈಲೇರಿಯಾ ಮಾತ್ರೆ ಊದಿದ ಕಾಲನ್ನು ಸಣ್ಣದು ಮಾಡುವುದಿಲ್ಲ. ಆದರೆ ರಕ್ತದಲ್ಲಿರುವ ಮರಿಗಳನ್ನು ಕೊಂದು ನಿಮ್ಮ ಮಕ್ಕಳ ಕಾಲನ್ನು ಉಳಿಸುತ್ತದೆ. ಈಸಿಕೊಂಡು ಗೂಡಿನಲ್ಲಿಡದೆ ಅವರೆದುರೇ ನುಂಗಿ. ಒಂದು ಕಾಲು ಒಮ್ಮೆಗೇ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡೂ ಕಾಲು ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ತಪಾಸಣೆ ಮೊದಲು. ಚಳಿಜ್ವರ ಬಂದು ಕಾಲು ಕೆಂಪಾದಾಗ ಬ್ಯಾಂಡೇಜು ಬಿಚ್ಚಿ, ತಿಕ್ಕದೆ, ವ್ಯಾಯಾಮ ಮಾಡದೆ, ಕಾಲನ್ನು ಎತ್ತರದಲ್ಲಿಟ್ಟು ತಣ್ಣೀರ ಬಟ್ಟೆ ಹಾಕಿ, ತಡಮಾಡದೆ ವೈದ್ಯರಿಂದ ಆ್ಯಂಟಿಬಯೋಟಿಕ್ ಪಡೆಯಬೇಕು.

ಆ ತಾಯಿಯ ಕಾಲು ಇನ್ನೊಂದು ಕಾಲಿನಂತೆ ಆಗಲಿಲ್ಲ. ಅಷ್ಟನ್ನು ಯಾರೂ ಅವರಿಗೆ ಮಾತು ಕೊಟ್ಟಿರಲಿಲ್ಲ. ಆದರೆ ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಜ್ವರ ಮುಂದಿನ ವರ್ಷದಲ್ಲಿ ಒಂದೇ ಸಲ ಬಂತು. ದರ್ಜಿಯ ಟೇಪಿನಲ್ಲಿ ಮೊಮ್ಮಗ ಅಳೆದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ಗಿರಕಿಯ ಸುತ್ತಳತೆ ನಾಲ್ಕು ಸೆಂಟಿಮೀಟರ್ ಇಳಿದಿತ್ತು. ಸೀರೆ ಎರಡು ಬೆರಳು ಮೇಲಕ್ಕೆ ಬಂತು. ಹಿಂದಿನ ಬಾಗಿಲ ಬಳಿಯ ಜಾಗವನ್ನು ಮಾತ್ರ ಅವರು ಬಿಡಲಿಲ್ಲ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.

2018ರ ಪವಿತ್ರ ಗುರುವಾರಕ್ಕೆ ನಾನು ಮತ್ತೆ ಕೇಳಿದೆ. ಏನೂ ಹೇಳದೆ ಹೋದರು. ಸಂಜೆ ನೋಡಿದರೆ ಹನ್ನೆರಡು ಕುರ್ಚಿಗಳಲ್ಲಿ ಏಳನೆಯದರಲ್ಲಿ ಕುಳಿತಿದ್ದರು, ಮೊಮ್ಮಗ ಕೆಳಗೆ ಕೂತು ಬ್ಯಾಂಡೇಜು ಬಿಚ್ಚಿ ಉಂಡೆ ಸುತ್ತುತ್ತಿದ್ದ. ನಾವು ಗುರುಗಳು ಆ ವಿಧಿಯಲ್ಲಿ ಎರಡು ಹನಿ ನೀರು ಬಿಟ್ಟು, ಟವೆಲನ್ನು ಹಾಗೆ ಮುಟ್ಟಿಸಿ ಮುಂದಿನವರ ಬಳಿ ಸರಿಯುವುದು ವಾಡಿಕೆ. ನಾನೂ ಹಾಗೆಯೇ ಎದ್ದೆ. ಅವರು ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಬಗ್ಗಿ, ಪಾಡುವ ವೃಂದದವರಿಗೂ ಕೇಳುವಂತೆ ಹೇಳಿದರು: "ಫಾದರ್, ಬೆರಳ ಸಂದ್ಯಾಗ ನೀರು ಹಂಗ ಉಳದಾವ ನೋಡ್ರಿ. ಸರಿ ಒರಸ್ರಿ."

ನಾನು ಮತ್ತೆ ಮೊಣಕಾಲೂರಿದೆ.